ಮೂವತ್ತೊಂದು ಜೊತೆ ಚಪ್ಪಲಿ

ಆ ಮಾತನ್ನು ನಾನು ಹೇಳಿದ್ದೆನೋ ಇಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ. ಹೇಳಿದ್ದೆ ಎನ್ನುತ್ತಾರೆ ಆಯಾ. ಎಲ್ಲಿ ಕೂತು, ಯಾವ ಹೊತ್ತಿನಲ್ಲಿ, ಕೈಯಲ್ಲಿ ಏನು ಹಿಡಿದುಕೊಂಡು ಹೇಳಿದೆ ಎಂಬುದನ್ನೂ ಹೇಳುತ್ತಾರೆ. ನನ್ನ ತಲೆಯಲ್ಲಿ ಆ ಜಾಗ ಖಾಲಿ. ಅಲ್ಲಿ ಏನೂ ನಡೆದೇ ಇರಲಿಲ್ಲವೋ, ನಡೆದದ್ದು ಅಳಿಸಿಹೋಯಿತೋ, ಒಳಗಿನಿಂದ ನೋಡುವವನಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಹೀಗಾಗಿ ನಾನು ಕಂಡದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು ಎಂದು ಆದಷ್ಟು ಬಿಡಿಸಿ ಬರೆಯುತ್ತೇನೆ.

ಹರಿಹರದಿಂದ ಗುತ್ತೂರಿನ ಕಡೆಗೆ ಹೋದರೆ ಕಾರ್ಖಾನೆಯ ಶೆಡ್ಡುಗಳು ಮುಗಿದು ಗದ್ದೆ ಶುರುವಾಗುವಲ್ಲಿ ಒಂದು ವೃದ್ಧಾಶ್ರಮವಿದೆ. ಆಗ ಅಲ್ಲಿ ಮೂವತ್ತೊಂದು ಜನರಿದ್ದರು. ನಾನು ದಾವಣಗೆರೆಯ ಆವರಗೆರೆಯಿಂದ ಎರಡು ಬಸ್ಸು ಬದಲಿಸಿ ದಿನಾ ಅಲ್ಲಿಗೆ ಹೋಗುತ್ತಿದ್ದೆ. ನೇಮಕದ ಪತ್ರದಲ್ಲಿ ನನ್ನನ್ನು ಗುಣಮಟ್ಟ ಸಂಯೋಜಕ ಎಂದು ಕರೆದಿದ್ದರು. ಜಿಲ್ಲಾ ಕಚೇರಿಯಿಂದ ಪರಿಶೀಲನೆಗೆ ಬರುವವರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿರುವುದೆಲ್ಲ ನಮ್ಮಲ್ಲಿ ಇದೆ ಎಂದು ತೋರಿಸುವುದು ನನ್ನ ಕೆಲಸ. ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿ, ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕನಾಗಿ, ಆಮೇಲೆ ಒಂದು ಸಮೀಕ್ಷೆಯ ಕೆಲಸದಲ್ಲಿ, ಆಮೇಲೆ ಒಂದು ಆಸ್ಪತ್ರೆಯ ಕಚೇರಿಯಲ್ಲಿ ಇದ್ದು ಬಂದವನು ನಾನು. ಎಲ್ಲಿಯೂ ಎರಡು ವರ್ಷ ಪೂರ್ತಿ ನಿಂತಿರಲಿಲ್ಲ.

ಮೊದಲ ವಾರ ಇಡೀ ಕಟ್ಟಡ ಸುತ್ತಿದೆ. ಅಡಿಗೆಮನೆಯ ಗೋಡೆಯಲ್ಲಿದ್ದ ಬೆಂಕಿ ನಂದಿಸುವ ಕೆಂಪು ಸಿಲಿಂಡರಿಗೆ ಆಯುಧ ಪೂಜೆಯಲ್ಲಿ ವಿಭೂತಿ ಬಳಿದು, ಅದರ ಮೇಲೆ ಕುಂಕುಮ ಇಟ್ಟಿದ್ದರು. ಇಟ್ಟದ್ದು ಸರಿಯಾಗಿ ಒತ್ತಡ ತೋರಿಸುವ ಗಾಜಿನ ಮೇಲೆಯೇ. ಒಳಗಿನ ಮುಳ್ಳು ಕಾಣುತ್ತಿರಲಿಲ್ಲ. ಒರೆಸಲು ಹೋದರೆ ಅಡಿಗೆಯವರು, “ಬ್ಯಾಡ್ರಿ ಸರ, ಮುಂದಿನ ಪೂಜಿಗೆ ತೊಳೀತೀವಿ” ಎಂದರು. ಗೇಟಿನ ಕ್ಯಾಮೆರಾ ಚಿತ್ರ ತೋರಿಸುತ್ತಿತ್ತು, ಆದರೆ ಉಳಿಸಿಡುತ್ತಿರಲಿಲ್ಲ. ಪಟ್ಟಿಯಲ್ಲಿ ‘ಕ್ಯಾಮೆರಾ ಇದೆಯೇ’ ಎಂದು ಮಾತ್ರ ಇತ್ತು. ಇದೆ ಎಂದು ಬರೆದು ಮುಂದಕ್ಕೆ ಹೋಗಿದ್ದರು. ಹಿಂದಿನ ಗೇಟಿಗೆ ಹಗಲೂ ಬೀಗ. ಬೆಂಕಿ ಬಿದ್ದರೆ ಹೊರಗೆ ಹೋಗುವ ದಾರಿಗೆ ಹಗಲು ಹೊತ್ತು ಬೀಗ ಇರಬಾರದೆಂದು ನಿಯಮ ತೋರಿಸಿ ನಾನೇ ಅದನ್ನು ತೆಗೆಸಿದೆ. ಇದು ನನಗೆ ಚೆನ್ನಾಗಿ ನೆನಪಿದೆ. ಆ ಬೀಗ ಈಗಲೂ ನನ್ನ ಮನೆಯ ಡ್ರಾಯರಿನಲ್ಲಿದೆ, ಕೀಲಿ ಇಲ್ಲದೆ.

ಚಪ್ಪಲಿಯ ವಿಷಯವೂ ಪಟ್ಟಿಯಿಂದಲೇ ಹುಟ್ಟಿದ್ದು. ಆಶ್ರಮದವರಿಗೆಲ್ಲ ಒಂದೇ ಬಣ್ಣದ, ಒಂದೇ ಅಂಗಡಿಯ ರಬ್ಬರ್ ಚಪ್ಪಲಿ. ಊಟದ ಕೋಣೆಯ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಿ, ಹೊರಗೆ ಬಂದಾಗ ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಹೋಗುತ್ತಿದ್ದರು. ಒಬ್ಬರ ಕಾಲಿನ ಕೆರೆತ ಹತ್ತು ಜನಕ್ಕೆ ಹರಡಿತ್ತು. ಪರಿಶೀಲನೆಗೆ ಬಂದ ಡಾಕ್ಟರು ಅದನ್ನು ಬರೆದು ಹೋದರು. ಪ್ರತಿ ಜೊತೆಗೂ ನಂಬರ್ ಹಾಕೋಣ ಎಂದು ಸಲಹೆ ಕೊಟ್ಟವನು ನಾನು. ಮೆಟ್ಟುವ ಕಡೆ ಹಿಮ್ಮಡಿ ತಾಗಿ ಅಳಿಸುತ್ತದೆಂದು ಅಟ್ಟೆಯ ಕೆಳಗೂ, ಪಾದದ ಗುಳಿ ಬರುವಲ್ಲಿ, ಬಿಳಿ ಬಣ್ಣದಲ್ಲಿ ಅದೇ ನಂಬರ್ ಬರೆಯಲಾಯಿತು. ಬರೆದದ್ದು ಯಾರು? ನನ್ನ ನೆನಪಿನಲ್ಲಿ, ಮುಂದಿನ ಗೇಟಿನ ಬೋರ್ಡ್ ಬರೆಯಲು ಬಂದಿದ್ದ ಪೇಂಟರ್.

ಆಯಾ ಎಂದು ನಾನು ಹೇಳುತ್ತಿರುವವರು ಹರಿಹರದವರು, ಐವತ್ತು ದಾಟಿದ ಮುಸ್ಲಿಂ ಹೆಂಗಸು. ತಂದೆ ಬೀಡಿ ಅಂಗಡಿಗಳಿಗೆ ತಗಡಿನ ಡಬ್ಬಿ ಮಾಡಿಕೊಡುತ್ತಿದ್ದರಂತೆ. ಹನ್ನೊಂದು ವರ್ಷದಿಂದ ಅಲ್ಲಿದ್ದರು. ಎತ್ತುವುದು, ತೊಳೆಸುವುದು, ಉಣಿಸುವುದು, ದಿನಕ್ಕೆ ನಾಲ್ಕು ಸಲ ಎಣಿಸಿ ಹಾಜರಿ ಬರೆಯುವುದು ಅವರ ಕೆಲಸ. ಮೇಲಿನ ನಂಬರು ತಿಂಗಳೊಳಗೆ ಮಾಸಿದಾಗ ತಮ್ಮ ಸೊಸೆಯ ಉಗುರುಬಣ್ಣ ತಂದು ಕೆಂಪಗೆ ತಿದ್ದಿದ್ದರು. ಇನ್ನೊಂದು ಅಭ್ಯಾಸ ಅವರಿಗಿತ್ತು, ಅದು ಆ ಮನೆಯಲ್ಲಿ ಎಲ್ಲರಿಗೂ ಇತ್ತು: ಚಪ್ಪಲಿ ಮಗುಚಿ ಬಿದ್ದಿದ್ದರೆ ಜಗಳ ಆಗುತ್ತದೆಂದು ಕಾಲ ಬೆರಳಿನಿಂದ ತಕ್ಷಣ ನೆಟ್ಟಗೆ ಮಾಡುವುದು. ಹಾಗಾಗಿ ಆ ಬಾಗಿಲ ಮುಂದೆ ಮಗುಚಿದ ಚಪ್ಪಲಿಯನ್ನು ನಾನು ಕಂಡದ್ದೇ ಇಲ್ಲ.

ನನ್ನನ್ನು ಕಂಡರೆ ಅವರಿಗೆ ಸಲಿಗೆ, ಸ್ವಲ್ಪ ತಮಾಷೆ. ನಾನು ರಿಜಿಸ್ಟರಿನಲ್ಲಿ ಏಳರ ಅಂಕಿಗೆ ನಡುವೆ ಅಡ್ಡಗೆರೆ ಎಳೆಯುತ್ತಿದ್ದೆ. ಒಂದರಂತೆ ಕಾಣಬಾರದೆಂದು ವಿಶ್ವವಿದ್ಯಾಲಯದಲ್ಲಿ ನನ್ನ ಗುರುಗಳು ಹಿಡಿಸಿದ ರೂಢಿ. ಮೇಲ್ವಿಚಾರಕಿ, ಅಂದರೆ ಆಶ್ರಮ ನಡೆಸುತ್ತಿದ್ದ ನಿವೃತ್ತ ನರ್ಸ್, ಅದನ್ನು ಕಂಡು, “ರಿಜಿಸ್ಟರ್‌ನ್ಯಾಗ ಹೊಡೆದು ಹಾಕಂಗಿಲ್ರಿ. ಏಳನ್ನೆಲ್ಲ ಯಾಕ ಹೊಡೆದೀರಿ?” ಎಂದಿದ್ದರು. ಪಕ್ಕದಲ್ಲಿದ್ದ ಆಯಾ, “ಹೊಡೆದಿಲ್ಲ ಮೇಡಂ, ಏಳಕ್ಕ ಬೆಲ್ಟ್ ಹಾಕ್ಯಾರ, ಪ್ಯಾಂಟ್ ಜಾರಬಾರದು ಅಂತ” ಎಂದರು. ಅಂದಿನಿಂದ ಆಶ್ರಮದ ರಿಜಿಸ್ಟರುಗಳಲ್ಲಿ ನನ್ನ ಏಳಕ್ಕೆ ಬೆಲ್ಟ್ ಇಲ್ಲ.

ಈಗ ಆ ದಿನ. ಹದಿನೇಳನೇ ನಂಬರಿನ ಚಪ್ಪಲಿಯ ಅಜ್ಜ ದಾವಣಗೆರೆಯ ಮಂಡಿಪೇಟೆಯಲ್ಲಿ ನಲವತ್ತು ವರ್ಷ ಧಾನ್ಯ ತೂಗಿದವರು. ಕಾಲು ಗಟ್ಟಿ, ಮರೆವು ಬಹಳ. ಬೆಳಿಗ್ಗೆ ಹತ್ತರ ಸುಮಾರಿಗೆ ಊಟದ ಕೋಣೆಯಲ್ಲಿ ಎಲ್ಲರೂ ಟಿವಿ ನೋಡುತ್ತ ಕೂತಿದ್ದರು. ಅಜ್ಜ ಎದ್ದು ಅಡಿಗೆಮನೆಯ ಮೂಲಕ ಹಿಂದಿನ ಗೇಟಿನಿಂದ ಹೊರಗೆ ಹೋದರು. ಬರಿಗಾಲಿನಲ್ಲಿ. ಮಂಡಿಯಲ್ಲಿ ಧಾನ್ಯದ ರಾಶಿ ಹತ್ತುವವರು ಚಪ್ಪಲಿ ಬಿಟ್ಟೇ ಹತ್ತುತ್ತಾರೆ. ಕೆಲಸಕ್ಕೆ ಹೊರಟವರಿಗೆ ಚಪ್ಪಲಿ ಬೇಕೆನಿಸಿರಲಿಕ್ಕಿಲ್ಲ. ಇದು ನಾವು ಆಮೇಲೆ ಜೋಡಿಸಿದ ಕಥೆ. ಅವರು ಹೋದದ್ದನ್ನು ಯಾರೂ ನೋಡಲಿಲ್ಲ.

ನಾನು ಕಂಡದ್ದು ಮಧ್ಯಾಹ್ನದ್ದು. ಎರಡು ಗಂಟೆಯ ಮೇಲೆ ಕಚೇರಿಯ ಫೋನ್ ಬಂತು. ಮೇಲ್ವಿಚಾರಕಿ ಎತ್ತಿಕೊಂಡು, ಆ ಕಡೆಯ ಮಾತು ನನಗೂ ಕೇಳಲೆಂದು ಸ್ಪೀಕರ್ ಹಾಕಿದರು.

“ನಿಮ್ಮ ಆಶ್ರಮದ ಅಜ್ಜ ಒಬ್ರು ನಮ್ಮ ಅಂಗಡ್ಯಾಗ ಅದಾರ್ರಿ, ಮಂಡಿಪೇಟ್ಯಾಗ.”

“ನಮ್ಮೋರು ಯಾರೂ ಹೊರಗ ಹೋಗಿಲ್ರಿ. ಮೂವತ್ತೊಂದು ಮಂದಿ, ಎಲ್ಲರೂ ಊಟ ಮಾಡ್ಯಾರ. ರಿಜಿಸ್ಟರ್ ನನ್ನ ಮುಂದೆ ಐತೆ.”

“ಅಂಗಿ ಒಳಗ ನಿಮ್ಮ ಫೋನ್ ನಂಬರ್ ಹೊಲ್ದೈತಲ್ರಿ ಮೇಡಂ.”

“ಅದು ಯಾರ್ದೋ ಇರಬೇಕು.”

“ಆತು ಬಿಡ್ರಿ. ನಿಮ್ಮೋರು ಮೂವತ್ತೊಂದೂ ಅಲ್ಲೇ ಅದಾರ ಅಂದ್ರ ನಮ್ಮ ತಕ್ಕಡಿ ಸುಳ್ಳು ಹೇಳ್ತೈತೆ ಅಂತ ಹನ್ನೆರಡು ಗಂಟಿಯಿಂದ ಬೈತಾ ಕುಂತೋರು ಯಾರು?”

ಆಗ ಮೇಲ್ವಿಚಾರಕಿ ನನ್ನ ಮುಖ ನೋಡಿದರು. ನಾನು ಎದ್ದು ಊಟದ ಕೋಣೆಗೆ ಹೋದೆ. ಬಾಗಿಲ ಹೊರಗೆ, ಗೋಡೆಯ ಬದಿಗೆ, ಹದಿನೇಳನೇ ನಂಬರಿನ ಚಪ್ಪಲಿಗಳಿದ್ದವು. ನೆಟ್ಟಗೆ, ಒಂದರ ಪಕ್ಕ ಒಂದು.

ಆಯಾ ಒಂದು ಗಂಟೆಗೆ ಊಟದ ಹೊತ್ತಿನ ಎಣಿಕೆ ಮಾಡಿದ್ದು ತಲೆಗಳನ್ನಲ್ಲ, ಚಪ್ಪಲಿಗಳನ್ನು. ತಿಂಗಳುಗಳಿಂದ ಹಾಗೆಯೇ ಮಾಡುತ್ತಿದ್ದರು. ಕೋಣೆಯೊಳಗೆ ಜನ ಎದ್ದು, ಕೂತು, ಕೈ ತೊಳೆಯಲು ಹೋಗಿ, ಎರಡು ಸಲ ಎಣಿಕೆಗೆ ಸಿಕ್ಕುತ್ತಾರೆ ಅಥವಾ ಸಿಕ್ಕುವುದೇ ಇಲ್ಲ. ಚಪ್ಪಲಿ ನಿಂತಲ್ಲೇ ನಿಂತಿರುತ್ತದೆ. ಮೂವತ್ತೊಂದು ಜೊತೆ ಇದ್ದವು, ಮೂವತ್ತೊಂದು ಎಂದು ಬರೆದು ಸಹಿ ಮಾಡಿದ್ದರು. ಒಂದು ತಟ್ಟೆ ಉಳಿದಿತ್ತಂತೆ. ಹುಷಾರಿಲ್ಲದವರು ಯಾರೋ ಕೋಣೆಯಲ್ಲೇ ಮಲಗಿರಬೇಕೆಂದು ಅಡಿಗೆಯವರು ಅದನ್ನು ಮುಚ್ಚಿಟ್ಟಿದ್ದರು.

ಸಂಜೆಯೊಳಗೆ ಅಜ್ಜನನ್ನು ಕಾರಿನಲ್ಲಿ ಕರೆತಂದರು. ಅಂಗಡಿಯವರು ಮಿರ್ಚಿ ಬಜ್ಜಿ, ಚಹಾ ಕೊಟ್ಟಿದ್ದರು. ಅಂಗಾಲಿನಲ್ಲಿ ಒಂದು ಗುಳ್ಳೆ ಎದ್ದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಹೆದ್ದಾರಿ ದಾಟಿದ್ದಾರೆ, ಬಸ್ ಹತ್ತಿದ್ದಾರೆ, ಕಂಡಕ್ಟರ್ ಪಾಪ ಅಜ್ಜ ಎಂದು ಸುಮ್ಮನಿದ್ದಿರಬೇಕು. ಅಂಗಿಯ ಒಳಗೆ ಫೋನ್ ನಂಬರಿನ ಬಟ್ಟೆಯ ಚೂರು ಹೊಲಿದವರು ಆಯಾ. ಮರೆವಿನ ಆರು ಜನಕ್ಕೆ ಹಾಗೆ ಹೊಲಿದಿದ್ದರು. ಅದು ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಮೂರನೇ ದಿನ ಸಭೆ. ಮುಂದಿನ ವಾರವೇ ಪರಿಶೀಲನೆ ಇತ್ತು, ಅಜ್ಜ ಹೋದ ಸುದ್ದಿ ಜಿಲ್ಲಾ ಕಚೇರಿಗೆ ಮುಟ್ಟಿತ್ತು. ಸಭೆಯಲ್ಲಿ ನಾಲ್ಕು ಜನ: ಮೇಲ್ವಿಚಾರಕಿ, ಆಯಾ, ನಾನು, ಮತ್ತು ಆಶ್ರಮದ ಕಾರ್ಯದರ್ಶಿ. ಕಾರ್ಯದರ್ಶಿ ಮಂಡಿಪೇಟೆಯ ಹಳೆಯ ವರ್ತಕರ ಮನೆತನದವರು, ಹಣೆಯ ತುಂಬ ವಿಭೂತಿ, ಮೆಲ್ಲಗೆ ಮಾತು.

“ಏನಾದ್ರೂ ಕ್ರಮ ತಗೊಂಡೀವಿ ಅಂತ ಫೈಲ್‌ನ್ಯಾಗ ಇರಬೇಕು ಸಾಹುಕಾರ್ರೆ,” ಎಂದರು ಮೇಲ್ವಿಚಾರಕಿ. “ಇಲ್ಲಂದ್ರ ಬಂದೋರು ಅದನ್ನೇ ಮೊದ್ಲು ಕೇಳ್ತಾರ.”

ಕ್ರಮ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಸುಳ್ಳು ಹಾಜರಿ ಬರೆದದ್ದಕ್ಕೆ ಆಯಾರನ್ನು ಕೆಲಸದಿಂದ ತೆಗೆಯುವುದು, ಹಾಗೆಂದು ಬರೆದಿಡುವುದು. ಹಾಗೆ ಬರೆದರೆ ಹರಿಹರ, ದಾವಣಗೆರೆ ಎರಡೂ ಊರಿನಲ್ಲಿ ಯಾವ ಆಶ್ರಮವೂ ಯಾವ ನರ್ಸಿಂಗ್ ಹೋಮೂ ಅವರನ್ನು ಒಳಗೆ ಸೇರಿಸುವುದಿಲ್ಲ. ಬೇರೆ ಕೆಲಸ ಅವರಿಗೆ ಬರುತ್ತಿರಲಿಲ್ಲ, ಅವರ ಮನೆಯಲ್ಲಿ ಬೇರೆ ಯಾರ ಕೆಲಸವೂ ಖಾಯಂ ಇರಲಿಲ್ಲ.

ಕಾರ್ಯದರ್ಶಿ ಆಯಾರ ಕಡೆ ತಿರುಗಿದರು. “ಮಂದಿ ಬಿಟ್ಟು ಚಪ್ಪಲಿ ಎಣ್ಸು ಅಂತ ನಿಮಗ ಯಾರವ್ವ ಹೇಳಿದ್ದು?”

“ಈ ಸಾರೇ ಹೇಳಿದ್ರು ಸಾಹುಕಾರ್ರೆ.”

ಮೂವರೂ ನನ್ನನ್ನು ನೋಡಿದರು.

“ನನಗೆ ನೆನಪಿಲ್ಲ,” ಎಂದೆ. ಅದು ನಿಜ. ಸುಳ್ಳು ಹೇಳುವ ಉದ್ದೇಶವಿರಲಿಲ್ಲ ಎಂದೂ ಬರೆಯಬಹುದು, ಆದರೆ ಉದ್ದೇಶಗಳ ವಿಷಯದಲ್ಲಿ ನನ್ನ ನೆನಪು ನನಗೆ ಅನುಕೂಲವಾಗಿಯೇ ಇರುತ್ತದೆ.

ಮೇಲ್ವಿಚಾರಕಿ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಬರೆದದ್ದು: ‘ತಾವು ಅಂತಹ ಯಾವುದೇ ಸೂಚನೆ ನೀಡಿಲ್ಲವೆಂದು ಸಂಯೋಜಕರು ತಿಳಿಸಿದರು.’ ಪುಸ್ತಕ ನನ್ನ ಮುಂದೆ ಬಂತು. ಓದಿದೆ. ನೆನಪಿಲ್ಲ ಎಂಬುದು ನೀಡಿಲ್ಲ ಎಂದಾಗಿತ್ತು. ವ್ಯತ್ಯಾಸ ಕಂಡಿತು. ಪೆನ್ನು ಕೈಯಲ್ಲಿತ್ತು, ಸಹಿ ಮಾಡಿದೆ. ಈ ಒಂದು ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಸಂಜೆ ಬಸ್ಸಿಗೆ ಹೊರಟಾಗ ಆಯಾ ಗೇಟಿನ ಹತ್ತಿರ ನಿಂತಿದ್ದರು. ಬೈಯುತ್ತಾರೆ ಎಂದುಕೊಂಡೆ. ಕೈಯಲ್ಲಿ ನನ್ನ ಛತ್ರಿ ಇತ್ತು.

“ಇದು ಮೂರನೇದು,” ಎಂದರು. “ಎರಡು ಸ್ಟೋರ್ ರೂಮಿನ್ಯಾಗ ಅದಾವು. ಒಯ್ರಿ, ನಾ ಇಲ್ಲಂದ್ರ ಯಾರು ತೆಗೆದಿಡ್ತಾರ?”

“ನಿಜವಾಗಿಯೂ ನನಗೆ ನೆನಪಿಲ್ಲ,” ಎಂದೆ.

“ನನಗ ಗೊತ್ತೈತೆ ಸರ. ನೀವು ಸುಳ್ಳು ಹೇಳಿಲ್ಲ. ನೀವು ಮರೀತೀರಿ.” ಆಮೇಲೆ ಅವರು ಆ ದಿನವನ್ನು ಹೇಳಿದರು, ಆತುರವಿಲ್ಲದೆ, ಬಟ್ಟೆ ಮಡಿಸಿಟ್ಟ ಹಾಗೆ. “ಕರೆಂಟ್ ಹೋಗಿತ್ತು. ಮಧ್ಯಾಹ್ನ. ನೀವು ಊಟದ ರೂಮಿನ ಮೆಟ್ಲ ಮ್ಯಾಲೆ ಕುಂತಿದ್ರಿ, ಚಪ್ಪಲಿ ಎಲ್ಲ ಮಗುಚಿ ಇಟ್ಕಂಡು ನಂಬರ್ ಬರೀತಿದ್ರಿ. ಹಿಂಗ ಮಗುಚಬಾರದ್ರಿ ಅಂದೆ, ನಕ್ಕ್ರಿ. ನಾನು, ಸರ, ಈ ಮಂದಿ ಒಂದು ಕಡೆ ಕುಂದ್ರಂಗಿಲ್ಲ, ಎಣ್ಸಾದು ಹೆಂಗೆ ಅಂದೆ. ನೀವು ಬ್ರಶ್ ಹಿಂಗ ತೋರ್ಸಿ, ಇವನ್ನ ಎಣ್ಸ್ರಿ, ಇವು ಓಡಿ ಹೋಗಂಗಿಲ್ಲ ಅಂದ್ರಿ.”

“ನಂಬರ್ ಬರೆದದ್ದು ಪೇಂಟರ್ ಅಲ್ವಾ?”

“ಪೇಂಟರ್ ಬೋರ್ಡ್ ಬರೆದು ಊಟಕ್ಕ ಹೋದೋನು ಬರಲೇ ಇಲ್ಲಲ್ರಿ. ಉಳಿದ ಬಣ್ಣ ಒಣಗ್ತೈತೆ ಅಂತ ನೀವೇ ಕುಂತ್ರಿ.”

ಬಸ್ಸಿನಲ್ಲಿ ಕೂತು ಆ ಮೆಟ್ಟಿಲು, ಬಣ್ಣದ ವಾಸನೆ, ಕರೆಂಟಿಲ್ಲದ ಮಧ್ಯಾಹ್ನದ ಸೆಕೆ ಎಲ್ಲವನ್ನೂ ಕಲ್ಪಿಸಿಕೊಳ್ಳಲು ನೋಡಿದೆ. ದಾವಣಗೆರೆ ತಲುಪುವ ಹೊತ್ತಿಗೆ ಚಿತ್ರ ಬಂದೇ ಬಂತು. ಆದರೆ ಅದು ನೆನಪಲ್ಲ, ಅವರ ಮಾತಿನಿಂದ ನಾನೇ ಕಟ್ಟಿಕೊಂಡದ್ದು ಎಂದು ಗೊತ್ತಿತ್ತು. ಸಾಕ್ಷಿಗಳು ಕಾಣದ್ದನ್ನು ಕಂಡೆ ಎನ್ನುವುದು, ಕಂಡದ್ದನ್ನು ಕಂಡಿಲ್ಲ ಎನ್ನುವುದು ಎರಡೂ ಎಷ್ಟು ಸುಲಭ ಎಂದು ಬಿ.ಎ. ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದವನು ನಾನು. ಪಾಠದಲ್ಲಿ ಅನುಮಾನಪಡಬೇಕಾದದ್ದು ಯಾವಾಗಲೂ ಬೇರೆಯವರ ನೆನಪನ್ನು. ನನಗೆ ನೆನಪಿಲ್ಲ ಎಂಬುದು ನಾನು ಹೇಳಿಲ್ಲ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಇದು ಪಾಠದ ಮೊದಲ ಪುಟ. ಸಹಿ ಮಾಡುವಾಗ ಆ ಪುಟ ಎಲ್ಲಿತ್ತೋ.

ಮರುದಿನ ಆಶ್ರಮಕ್ಕೆ ಹೋಗದೆ ಮಂಡಿಪೇಟೆಗೆ ಹೋದೆ. ಕಾರ್ಯದರ್ಶಿ ಅಂಗಡಿಯಲ್ಲಿದ್ದರು. ಚೀಲಗಳ ನಡುವೆ ನನಗೊಂದು ಸ್ಟೂಲ್ ಹಾಕಿಸಿದರು.

“ಬರ್ರಿ, ಕೂಡ್ರಿ. ಏನು, ಹೇಳಿದ್ದು ನೆನಪಾತೇನು?”

“ಇಲ್ಲ.”

“ಮತ್ತೆ?”

“ಅವರಿಗೆ ನೆನಪಿದೆ, ನನಗಿಲ್ಲ. ನೆನಪಿದ್ದವರ ಮಾತು ತೆಗೆದುಕೊಳ್ಳಿ.”

“ಆಕಿ ಕೆಲಸ ಉಳಿಸ್ಕಳಾಕ ಹೇಳ್ತಿದ್ರೆ?”

“ನಾನು ನನ್ನ ಕೆಲಸ ಉಳಿಸಿಕೊಳ್ಳೋಕೆ ಮರೆತಿದ್ದರೆ?”

ಅವರು ಮುಂದಿದ್ದ ಲೆಕ್ಕದ ಪುಸ್ತಕ ಮುಚ್ಚಿದರು. ಹೊರಗೆ ಲಾರಿಯಿಂದ ಚೀಲ ಇಳಿಸುತ್ತಿದ್ದರು. “ಓದಿದೋರ ಹತ್ರ ಇದೇ ತಾಪತ್ರಯ ನೋಡ್ರಿ,” ಎಂದರು. “ಹೌದು ಅನ್ನಂಗಿಲ್ಲ, ಅಲ್ಲ ಅನ್ನಂಗಿಲ್ಲ. ಫೈಲ್‌ನ್ಯಾಗ ನಾನೇನು ಬರೀಲಿ?”

“ನಾನು ಬರೆದುಕೊಡುತ್ತೇನೆ.”

ಅಲ್ಲಿಯೇ ಕೂತು ಬರೆದೆ. ಸೂಚನೆ ನೀಡಿಲ್ಲ ಎಂದು ನಡಾವಳಿಯಲ್ಲಿ ಇರುವುದು ತಪ್ಪು, ನನಗೆ ನೆನಪಿಲ್ಲ ಎಂದಷ್ಟೇ ನಾನು ಹೇಳಿದ್ದು. ನೀಡಿರುವ ಸಾಧ್ಯತೆಯೇ ಹೆಚ್ಚು. ಹಿಂದಿನ ಗೇಟಿನ ಬೀಗ ತೆಗೆಸಿದ್ದು ನಾನು, ಬೀಗ ತೆಗೆದ ಮೇಲೆ ಅಲ್ಲಿ ಒಬ್ಬರನ್ನು ನಿಲ್ಲಿಸಬೇಕೆಂದು ಯೋಚಿಸದವನೂ ನಾನು. ಹಾಜರಿ ಎಣಿಸಬೇಕು ಎಂದು ಬರೆಸಿದೆ, ಹೇಗೆ ಎಣಿಸಬೇಕು ಎಂದು ಎಲ್ಲೂ ಬರೆಸಲಿಲ್ಲ. ಅಷ್ಟರಲ್ಲೇ ಮುಕ್ಕಾಲು ಪುಟವಾಗಿತ್ತು. ಅಂಗಿಯೊಳಗಿನ ಫೋನ್ ನಂಬರಿನ ವಿಷಯವನ್ನು ಕೊನೆಗೆ ಸೇರಿಸಿದೆ.

ಕಾರ್ಯದರ್ಶಿ ಎರಡು ಸಲ ಓದಿ, “ಕ್ರಮ ಅಂತ ಒಂದು ಇರಬೇಕಲ್ಲ. ನಿಮ್ಮ ಮ್ಯಾಲೆ ಬರೀತೀನಿ, ನಡೀತದಾ?” ಎಂದರು.

“ಬರೆಯಿರಿ.”

“ಬಿಟ್ಟು ಹೋಗ್ಬ್ಯಾಡ್ರಿ ಮತ್ತೆ. ಮೊದ್ಲೇ ನೀವು ಒಂದು ಕಡೆ ನಿಲ್ಲೋರಲ್ಲ ಅಂತ ಕೇಳೀನಿ.”

ನನಗೆ ಲಿಖಿತ ಎಚ್ಚರಿಕೆ ಬಂತು. ಆಯಾರ ಫೈಲಿನಲ್ಲಿ ಏನೂ ಬರೆಯಲಿಲ್ಲ, ಅವರು ಉಳಿದರು. ಪರಿಶೀಲನೆಗೆ ಬಂದವರು ನನ್ನ ಎಚ್ಚರಿಕೆಯ ಪತ್ರವನ್ನು ಓದಿ, ಕ್ರಮ ಕೈಗೊಳ್ಳಲಾಗಿದೆ ಎಂಬಲ್ಲಿ ಗುರುತು ಹಾಕಿ ಚಹಾ ಕುಡಿದು ಹೋದರು. ಹಿಂದಿನ ಗೇಟಿನ ಹತ್ತಿರ ಹಗಲು ಹೊತ್ತು ಒಬ್ಬರು ಕೂರುವಂತಾಯಿತು. ಕ್ಯಾಮೆರಾ ಈಗ ಉಳಿಸಿಡುತ್ತದೆ. ಕುಂಕುಮವನ್ನು ಸಿಲಿಂಡರಿನ ಹೊಟ್ಟೆಗೆ ಇಡುತ್ತಾರೆ, ಗಾಜಿಗಲ್ಲ. ಎಣಿಸುವ ರೀತಿಯೂ ಬದಲಾಯಿತು: ಆಯಾ ಒಬ್ಬೊಬ್ಬರ ಭುಜ ಮುಟ್ಟಿ, ಹೆಸರು ಹಿಡಿದು ಕರೆಯುತ್ತಾರೆ. ಭುಜ ಮುಟ್ಟಿದಾಗಲೆಲ್ಲ ತಕ್ಕಡಿಯ ಅಜ್ಜ “ಬರ್ಕಳವ್ವ, ಪಕ್ಕಾ ಐತೆ” ಎನ್ನುತ್ತಾರೆ.

ಆ ವರ್ಷದ ಕೊನೆಗೆ ಹೊಸ ಚಪ್ಪಲಿ ಬಂದವು. ಹಳೆಯವನ್ನು ಸ್ಟೋರ್ ರೂಮಿನಲ್ಲಿ ಚೀಲಕ್ಕೆ ತುಂಬಿಟ್ಟಿದ್ದರು. ನಾನು ನನ್ನ ಛತ್ರಿಗಳನ್ನು ತರಲು ಹೋಗಿದ್ದೆ. ಚೀಲ ಕಂಡಾಗ ನೋಡುವುದು ಬೇಡವೆಂದೇ ಮೊದಲು ಅನಿಸಿತು. ನಂಬರ್ ಬರೆದವನು ನಾನೇ ಎಂದಾದರೂ ಆ ಮಾತು ಹೇಳಿದ್ದು ಸಾಬೀತಾಗುವುದಿಲ್ಲ. ಮೆಟ್ಟಿಲ ಮೇಲೆ ಕೂತಿದ್ದೆ ಎಂಬಷ್ಟೇ ಆಗುತ್ತದೆ. ಆದರೂ ಮೊದಲು ಮುಂದಿನ ಗೇಟಿಗೆ ಹೋಗಿ ಪೇಂಟರ್ ಬರೆದ ಬೋರ್ಡ್ ನೋಡಿಕೊಂಡು ಬಂದೆ. ಅಲ್ಲಿನ ಫೋನ್ ನಂಬರಿನಲ್ಲಿ ಎರಡು ಏಳು ಇವೆ, ಎರಡೂ ಬರಿಯ ಏಳು. ಆಮೇಲೆ ಚೀಲವನ್ನು ನೆಲಕ್ಕೆ ಸುರಿದು, ಒಂದೊಂದನ್ನೇ ಮಗುಚಿದೆ. ಏಳು, ಹದಿನೇಳು, ಇಪ್ಪತ್ತೇಳು: ಮೂರು ಜೊತೆ, ಆರು ಚಪ್ಪಲಿ. ಆರೂ ಚಪ್ಪಲಿಗಳ ಅಟ್ಟೆಯ ಕೆಳಗೆ ಬಿಳಿ ಬಣ್ಣದ ಏಳಕ್ಕೆ ನಡುವೆ ಅಡ್ಡಗೆರೆ ಇತ್ತು.